ವಿದ್ವತ್ಪತ್ರಿಕೆಗೆ ಲೇಖನವನ್ನು ಸಿದ್ಧಪಡಿಸುವ ಕ್ರಮ

ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನವನ್ನು ರಚಿಸಿದ ಮಲ್ಲಿನಾಥನು ತನ್ನ ಕಾರ್ಯದ ಆರಂಭದಲ್ಲಿಯೇ ಎರಡು ಕಟ್ಟಳೆಗಳನ್ನು ತನಗೆ ತಾನೇ ವಿಧಿಸಿಕೊಂಡನು. ಆಧಾರವಿಲ್ಲದುದನ್ನು ಬರೆಯಲಾಗದೆಂಬುದು ಮೊದಲನೆಯದು. ಅಪೇಕ್ಷಿತವಲ್ಲದುದನ್ನು ಹೇಳಲಾಗದೆಂಬುದು ಎರಡನೆಯದು. ಇಂದಿನ ಸಂಶೋಧನ ಪತ್ರಿಕೆಗಳು ಲೇಖಕರಿಗೆಂದು ಪ್ರಕಟಿಸುವ ಸೂಚನೆಗಳು ಎಷ್ಟೇ ದೀರ್ಘವಾಗಿರಲಿ, ಅವೆಲ್ಲವೂ ಈ ಎರಡು ಕಟ್ಟಳೆಗಳ ವಿಸ್ತಾರವೆಂದರೆ ತಪ್ಪಾಗದು. ಆದರೂ ಗ್ರಾಮಾಂತರ ಶಾಲೆಗಳ ಅನೇಕ ಅಧ್ಯಾಪಕರು ಇಂಥ ಪತ್ರಿಕೆಗಳನ್ನು ದೂರದಿಂದಲೇ ನೋಡಿ ಹಿಂಜರಿಯುತ್ತಾರೆ. ಅವರಲ್ಲಿ ಸಾಮಗ್ರಿಯಿಲ್ಲವೆಂದಲ್ಲ, ಸಾಮಗ್ರಿಯನ್ನು ಲೇಖನವನ್ನಾಗಿ ಮಾಡುವ ಕ್ರಮವು ತಿಳಿಯದೆಂಬುದೇ ಕಾರಣ. ಆ ಕ್ರಮವನ್ನು ಒಂದು ಉದಾಹರಣೆಯ ಮೂಲಕ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉದಾಹರಣೆಯನ್ನು ಹೀಗೆ ಇಟ್ಟುಕೊಳ್ಳಬಹುದು. ಗ್ರಾಮವೊಂದರ ಪ್ರೌಢಶಾಲೆಯ ಅಧ್ಯಾಪಕರೊಬ್ಬರಿಗೆ ಅವರ ವಿದ್ಯಾರ್ಥಿಯೊಬ್ಬನು ತನ್ನ ತಂದೆಯ ಹೊಲದ ಬದುವಿನಲ್ಲಿ ಅಕ್ಷರಗಳಿರುವ ಕಲ್ಲೊಂದಿದೆಯೆಂದು ತಿಳಿಸುತ್ತಾನೆ. ಹೋಗಿ ನೋಡಿದರೆ ಅದು ಮೂರು ಪಟ್ಟಿಕೆಗಳ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಲಿಂಗಾರ್ಚನೆ. ಪಟ್ಟಿಕೆಗಳ ನಡುವೆ ಹಳಗನ್ನಡದ ಐದಾರು ಸಾಲುಗಳು. ಬದುವಿನ ಮೇಲೆ ರಸ್ತೆ ಹಾಯಲಿದೆ. ಕಲ್ಲು ಇನ್ನೆಷ್ಟು ದಿನ ಅಲ್ಲಿರುವುದೋ ಹೇಳಬರುವಂತಿಲ್ಲ. ಈ ಅಧ್ಯಾಪಕರು ಮಾಡಬೇಕಾದುದೇನು?

1. ವಿದ್ವತ್ಪತ್ರಿಕೆಯ ಸ್ವರೂಪ

ಮೊದಲು ದಿನಪತ್ರಿಕೆಗೂ ವಿದ್ವತ್ಪತ್ರಿಕೆಗೂ ಇರುವ ಭೇದವನ್ನು ತಿಳಿಯಬೇಕು. ಕಲ್ಲು ದೊರಕಿತೆಂಬ ಸುದ್ದಿಯನ್ನು ದಿನಪತ್ರಿಕೆ ಕೊಡುತ್ತದೆ. ಓದುಗನು ಅದನ್ನು ನಂಬುತ್ತಾನೆ, ಇಲ್ಲವೇ ಬಿಡುತ್ತಾನೆ. ವಿದ್ವತ್ಪತ್ರಿಕೆಯ ಲೇಖನವಾದರೋ ನಂಬುವಂತೆ ಕೇಳುವುದಿಲ್ಲ. ಪರೀಕ್ಷಿಸುವುದಕ್ಕೆ ಬೇಕಾದ ಸಾಧನಗಳನ್ನು ಓದುಗನ ಕೈಗೆ ಕೊಡುತ್ತದೆ. ಲೇಖಕನ ಮುಖವನ್ನೇ ಕಾಣದ, ಐವತ್ತು ವರ್ಷಗಳ ಅನಂತರ ಎಲ್ಲಿಯೋ ಕುಳಿತು ಓದುವ ವಿದ್ವಾಂಸನೊಬ್ಬನು ಲೇಖಕನ ತೀರ್ಮಾನವನ್ನು ಒಪ್ಪದೆ ಹೋದರೂ ಆತನು ಕೊಟ್ಟ ಸಾಮಗ್ರಿಯನ್ನು ಬಳಸುವಂತಿರಬೇಕು. ಈ ಒಂದು ಮಾತೇ ಮುಂದೆ ಹೇಳುವ ಎಲ್ಲ ವಿಧಿಗಳಿಗೂ ಮೂಲ.

ಇಂಥ ಪತ್ರಿಕೆಗಳ ಪರಂಪರೆ ಹಳೆಯದು. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿದನು. ಭಾರತದಲ್ಲಿ ಜೇಮ್ಸ್ ಬರ್ಜೆಸ್ 1872ರಲ್ಲಿ ಮುಂಬಯಿಯಿಂದ ‘ಇಂಡಿಯನ್ ಆಂಟಿಕ್ವರಿ’ಯನ್ನು ಹೊರಡಿಸಿದನು. ಕನ್ನಡ ಶಾಸನಗಳನ್ನು ಜೆ. ಎಫ್. ಫ್ಲೀಟ್ ವರ್ಷಗಳ ಕಾಲ ಆ ಪತ್ರಿಕೆಯಲ್ಲಿ ಪ್ರಕಟಿಸಿದನು. ಕಲ್ಲು ಎಲ್ಲಿದೆ, ಅದರ ಸ್ಥಿತಿ ಎಂಥದು, ಲಿಪಿ ಮತ್ತು ಭಾಷೆ ಯಾವುದು ಎಂಬುದನ್ನು ಮೊದಲು ಹೇಳಿ, ಪಾಠವನ್ನು ಸಾಲುಸಾಲಾಗಿ ಕೊಟ್ಟು, ಬಳಿಕ ಅನುವಾದವನ್ನೂ ಟಿಪ್ಪಣಿಗಳನ್ನೂ ಸೇರಿಸುವ ಆತನ ಕ್ರಮವು ಇಂದಿಗೂ ಅನುಕರಣೀಯ. ಆತನ ಅಭಿಪ್ರಾಯಗಳಲ್ಲಿ ಹಲವನ್ನು ಬಳಿಕ ಬಂದವರು ತಿದ್ದಿದರು. ತಿದ್ದಲು ಸಾಧ್ಯವಾದುದು ಆತನು ಪಾಠವನ್ನು ಬೇರೆಯಾಗಿ ಕೊಟ್ಟಿದ್ದುದರಿಂದಲೇ.

ಕನ್ನಡದಲ್ಲಿ 1915ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತು ಮರುವರ್ಷವೇ ತನ್ನ ಪತ್ರಿಕೆಯನ್ನು ಹೊರಡಿಸಿತು. ‘ಪ್ರಬುದ್ಧ ಕರ್ನಾಟಕ’ವು 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಹೊರಟಿತು. ಅನಂತರ ಅದು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ ಕಥೆ ಇಲ್ಲಿ ವಿಶೇಷವಾಗಿ ಸ್ಮರಣೀಯ. ಓಲೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಸಂಗ್ರಹಿಸಿ ಅವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತಾವೇ ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಲೇಖನವನ್ನು ಸ್ವೀಕರಿಸುವ ಪತ್ರಿಕೆಗಳು ಹಲವಿರುವ ಈ ಕಾಲದಲ್ಲಿ, ಪ್ರಕಟನೆಗಾಗಿ ಮುದ್ರಣಾಲಯವನ್ನೇ ಕಟ್ಟಿದ ಆ ಹಿರಿಯರ ಶ್ರಮವನ್ನು ನೆನೆದರೆ ಲೇಖನವೊಂದನ್ನು ಕ್ರಮವಾಗಿ ಸಿದ್ಧಪಡಿಸುವ ಕಷ್ಟವು ಹಗುರವೆನಿಸುತ್ತದೆ.

2. ಸಾಮಗ್ರಿಯ ಸಂಗ್ರಹ

ಬರವಣಿಗೆಗೆ ಮುನ್ನ ಸಾಮಗ್ರಿಯು ಸಂಪೂರ್ಣವಾಗಬೇಕು. ಮೇಲ್ಕಂಡ ಅಧ್ಯಾಪಕರು ಕಲ್ಲಿನ ಉದ್ದ, ಅಗಲ, ದಪ್ಪ, ಅಕ್ಷರಗಳ ಎತ್ತರ, ಸಾಲುಗಳ ಸಂಖ್ಯೆ ಇವುಗಳನ್ನು ಸ್ಥಳದಲ್ಲಿಯೇ ಅಳೆದು ಬರೆದುಕೊಳ್ಳಬೇಕು. ಮನೆಗೆ ಬಂದು ನೆನಪಿನಿಂದ ಬರೆಯಲಾಗದು. ಗ್ರಾಮ, ತಾಲ್ಲೂಕು, ಜಿಲ್ಲೆ, ಹೊಲದ ಸರ್ವೆ ನಂಬರು, ಕಲ್ಲಿನ ಮುಖವು ಯಾವ ದಿಕ್ಕಿಗಿದೆ, ಅದು ಮೂಲಸ್ಥಾನದಲ್ಲಿಯೇ ಇದೆಯೋ ಬೇರೆಡೆಯಿಂದ ತಂದು ನಿಲ್ಲಿಸಿದ್ದೋ ಎಂಬುದನ್ನು ಗುರುತಿಸಬೇಕು. ಛಾಯಾಚಿತ್ರವನ್ನು ನಡುಹಗಲಿನಲ್ಲಿ ತೆಗೆದರೆ ಅಕ್ಷರಗಳು ಮೂಡುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ತೆಗೆಯಬೇಕು. ಪಕ್ಕದಲ್ಲಿ ಅಳತೆಯ ಪಟ್ಟಿಯನ್ನಿಡಬೇಕು. ಅಕ್ಷರ ಕಾಣಲೆಂದು ಕಲ್ಲಿಗೆ ಎಣ್ಣೆ ಬಳಿಯುವುದು, ಮೊಳೆಯಿಂದ ಕೆರೆಯುವುದು, ಬಣ್ಣ ತುಂಬುವುದು ಸರ್ವಥಾ ಕೂಡದು. ಪಡಿಯಚ್ಚು ತೆಗೆಯಲು ಬಲ್ಲವರ ನೆರವನ್ನು ಪಡೆಯುವುದು ಲೇಸು.

ಕಾನೂನಿನ ವಿಷಯವೂ ಇದೆ. ಭೂಮಿಯಲ್ಲಿ ಹುದುಗಿದ್ದ ತಾಮ್ರಪಟ, ನಾಣ್ಯ ಮುಂತಾದ ಬೆಲೆಯುಳ್ಳ ವಸ್ತು ದೊರೆತರೆ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಪ್ರಾಚ್ಯವಸ್ತುಗಳ ವಿಷಯದಲ್ಲಿ 1972ರ ಕಾಯಿದೆಯೂ ಅನ್ವಯಿಸುತ್ತದೆ. ರಸ್ತೆಯ ಕಾಮಗಾರಿಯಿಂದ ಕಲ್ಲಿಗೆ ಅಪಾಯವಿದ್ದರೆ ತಹಸೀಲ್ದಾರರಿಗೂ ಪುರಾತತ್ತ್ವ ಇಲಾಖೆಗೂ ಲಿಖಿತವಾಗಿ ತಿಳಿಸುವುದು ಲೇಖನದ ಮೊದಲ ವಾಕ್ಯವನ್ನು ಬರೆಯುವುದಕ್ಕಿಂತ ಮುಂಚಿನ ಕರ್ತವ್ಯ. ಓಲೆಗರಿಯ ಕಟ್ಟಾದರೆ ಅದನ್ನು ಕಾಪಾಡಿಕೊಂಡು ಬಂದ ಮಠದ ಅಥವಾ ಮನೆತನದ ಅನುಮತಿಯನ್ನು ಪಡೆದೇ ಪ್ರತಿ ಮಾಡಿಕೊಳ್ಳಬೇಕು.

3. ಪೂರ್ವಸೂರಿಗಳ ಕೃತಿಗಳ ಅವಲೋಕನ

ತನಗೆ ಹೊಸದೆನಿಸಿದುದು ಲೋಕಕ್ಕೂ ಹೊಸದೆಂದು ತಿಳಿಯುವುದು ಹೊಸ ಲೇಖಕರ ಸಾಮಾನ್ಯ ಪ್ರಮಾದ. ಬಿ. ಎಲ್. ರೈಸ್ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಹಳೆಯ ಮೈಸೂರು ಮತ್ತು ಕೊಡಗಿನ ಎಂಟು ಸಾವಿರಕ್ಕೂ ಹೆಚ್ಚು ಶಾಸನಗಳಿವೆ. ಅದರ ಪರಿಷ್ಕೃತ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತರತೊಡಗಿತು. ಉತ್ತರ ಕರ್ನಾಟಕದ ಶಾಸನಗಳಿಗಾಗಿ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಬೊಂಬಾಯಿ ಕರ್ನಾಟಕದ ಸಂಪುಟಗಳನ್ನೂ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳನ್ನೂ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನೂ ನೋಡಬೇಕು. ಇವುಗಳಲ್ಲಿ ಗ್ರಾಮದ ಹೆಸರನ್ನು ಇಂದಿನ ರೂಪದಲ್ಲಿ ಮಾತ್ರವಲ್ಲದೆ ಹಳೆಯ ರೂಪಗಳಲ್ಲಿಯೂ, ತಾಲ್ಲೂಕಿನ ಗಡಿಗಳು ಬದಲಾಗಿರಬಹುದಾದ್ದರಿಂದ ನೆರೆಯ ತಾಲ್ಲೂಕುಗಳಲ್ಲಿಯೂ ಹುಡುಕಬೇಕು.

ಶಾಸನವು ಮೊದಲೇ ಪ್ರಕಟವಾಗಿದೆಯೆಂದು ತಿಳಿದರೆ ನಿರಾಶೆಗೆ ಕಾರಣವಿಲ್ಲ. ಹಿಂದಿನ ಪಾಠದಲ್ಲಿ ತಪ್ಪು ಓದಿದ ಅಕ್ಷರಗಳಿರಬಹುದು, ಬಿಟ್ಟುಹೋದ ಸಾಲಿರಬಹುದು. ಒಂದು ಸಾಲನ್ನು ಸರಿಯಾಗಿ ಓದಿ ಪ್ರಮಾಣಸಹಿತವಾಗಿ ತೋರಿಸಿದ ಎರಡು ಪುಟಗಳ ಟಿಪ್ಪಣಿಯು, ಹೊಸತೇನನ್ನೂ ಹೇಳದ ಇಪ್ಪತ್ತು ಪುಟಗಳ ಪ್ರಬಂಧಕ್ಕಿಂತ ಹೆಚ್ಚು ಬಾಳುತ್ತದೆ.

4. ಲೇಖನದ ಅಂಗಗಳು

ಪ್ರಾಚೀನ ಶಾಸ್ತ್ರಕಾರರು ಗ್ರಂಥಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳುವ ಪದ್ಧತಿಯಿತ್ತು. ವಿಷಯವೇನು, ಪ್ರಯೋಜನವೇನು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರುತ್ತಿತ್ತು. ಇಂದಿನ ಪತ್ರಿಕೆಗಳು ಕೇಳುವ ಸಾರಾಂಶ ಮತ್ತು ಪೀಠಿಕೆಗಳು ಮಾಡಬೇಕಾದುದೂ ಇದನ್ನೇ. ಸಾರಾಂಶವು ಸಾಮಾನ್ಯವಾಗಿ ನೂರೈವತ್ತರಿಂದ ಇನ್ನೂರೈವತ್ತು ಮಾತುಗಳ ಒಂದೇ ಪರಿಚ್ಛೇದ. ಅದರಲ್ಲಿ ಲೇಖನದ ಫಲಿತವು ಸ್ಪಷ್ಟವಾಗಿರಬೇಕು. ‘ಚರ್ಚಿಸಲಾಗಿದೆ’, ‘ಪರಿಶೀಲಿಸಲಾಗಿದೆ’ ಎಂದಷ್ಟೇ ಹೇಳಿ ಮುಗಿಸಿದರೆ ಓದುಗನಿಗೆ ಏನೂ ತಿಳಿಯುವುದಿಲ್ಲ.

ಶಿರೋನಾಮೆಯು ವಸ್ತುವನ್ನು ಹೆಸರಿಸಬೇಕು. ‘ಒಂದು ಅಮೂಲ್ಯ ವೀರಗಲ್ಲು’ ಎಂಬ ಶಿರೋನಾಮೆಯಿಂದ ಉಪಯೋಗವಿಲ್ಲ. ಗ್ರಾಮದ ಹೆಸರು, ಅರಸನ ಅಥವಾ ವಂಶದ ಹೆಸರು, ಕಾಲ ಇವುಗಳಿದ್ದರೆ ಮುಂದೆ ಹುಡುಕುವವರಿಗೆ ದೊರೆಯುತ್ತದೆ. ಅಮೂಲ್ಯವೋ ಅಲ್ಲವೋ ಎಂಬುದನ್ನು ಓದುಗರು ನಿರ್ಣಯಿಸಲಿ.

ಲೇಖನದ ಒಡಲನ್ನು ಮೀಮಾಂಸಕರ ಅಧಿಕರಣದ ಮಾದರಿಯಲ್ಲಿ ಕಟ್ಟಬಹುದು. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ನಿರ್ಣಯ ಎಂಬ ಕ್ರಮವು ಅಲ್ಲಿದೆ. ವೀರಗಲ್ಲಿನ ವಿಷಯದಲ್ಲಿ ಕಲ್ಲಿನ ವರ್ಣನೆ ಮತ್ತು ಪಾಠವೇ ವಿಷಯ. ಅದರಲ್ಲಿ ಹೇಳಿದ ಅರಸನು ಯಾರೆಂಬುದು ಸಂಶಯ. ಆ ಹೆಸರಿನ ಇಬ್ಬರು ಅರಸರಿದ್ದು, ಹಿಂದಿನ ವಿದ್ವಾಂಸರು ಮೊದಲನೆಯವನನ್ನು ಸೂಚಿಸಿದ್ದರೆ ಅದು ಪೂರ್ವಪಕ್ಷ. ಆ ಪಕ್ಷವನ್ನು ಅದರ ಪೂರ್ಣಬಲದೊಡನೆ, ಗೌರವದಿಂದ ಮಂಡಿಸಿ, ಅದು ಏಕೆ ನಿಲ್ಲದೆಂದು ತೋರಿಸಬೇಕು. ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿ ಸುಲಭವಾಗಿ ಗೆದ್ದ ಸಿದ್ಧಾಂತವು ಮುಂದಿನ ಓದುಗನ ಮುಂದೆ ಸೋಲುತ್ತದೆ.

5. ಕಂಡದ್ದು ಬೇರೆ, ಊಹಿಸಿದ್ದು ಬೇರೆ

ಲೇಖನದ ಪ್ರಾಮಾಣ್ಯವೆಲ್ಲ ನಿಂತಿರುವುದು ಈ ವಿವೇಕದ ಮೇಲೆ. ಕಲ್ಲಿನಲ್ಲಿ ಕಂಡ ಅಕ್ಷರ, ಸವೆದು ಸಂದೇಹವಾದ ಅಕ್ಷರ, ಪೂರ್ತಿಯಾಗಿ ಹೋಗಿ ಲೇಖಕನು ಊಹೆಯಿಂದ ತುಂಬಿದ ಅಕ್ಷರ ಈ ಮೂರಕ್ಕೂ ಬೇರೆ ಬೇರೆ ಚಿಹ್ನೆಗಳಿವೆ. ಯಾವ ಕಂಸವು ಯಾವುದಕ್ಕೆಂಬುದನ್ನು ಪತ್ರಿಕೆಯ ಸೂಚನೆಯಿಂದ ತಿಳಿದು, ಆದಿಯಿಂದ ಅಂತ್ಯದವರೆಗೆ ಒಂದೇ ಕ್ರಮವನ್ನು ಪಾಲಿಸಬೇಕು. ಊಹಿಸಿ ತುಂಬಿದ ಅಕ್ಷರವನ್ನು ಚಿಹ್ನೆಯಿಲ್ಲದೆ ಅಚ್ಚುಹಾಕಿದರೆ, ಕಲ್ಲು ನಾಶವಾದ ಬಳಿಕ ಆ ಊಹೆಯೇ ಶಾಸನವಾಗಿಬಿಡುತ್ತದೆ. ಇದಕ್ಕಿಂತ ದೊಡ್ಡ ಅಪಚಾರವಿಲ್ಲ.

ಹಲ್ಮಿಡಿಯ ಶಾಸನವು ಇದಕ್ಕೆ ಉತ್ತಮ ನಿದರ್ಶನ. ಬೇಲೂರು ತಾಲ್ಲೂಕಿನ ಈ ಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ತ್ವ ಇಲಾಖೆಯ 1936ರ ವಾರ್ಷಿಕ ವರದಿಯಲ್ಲಿ ಬೆಳಕಿಗೆ ತಂದರು. ಅದರಲ್ಲಿ ಕದಂಬ ಕಾಕುಸ್ಥನ ಹೆಸರಿದೆ, ಆದರೆ ಶಕವರ್ಷವಿಲ್ಲ. ಹೆಸರಿರುವುದು ಕಂಡದ್ದು, ಸುಮಾರು ಕ್ರಿ.ಶ. 450 ಎಂಬುದು ಲಿಪಿ, ಭಾಷೆ ಮತ್ತು ಇತಿಹಾಸದಿಂದ ಊಹಿಸಿದ್ದು. ಈ ಭೇದವು ಸ್ಪಷ್ಟವಾಗಿದ್ದುದರಿಂದಲೇ ಬಳಿಕ ಬಂದ ವಿದ್ವಾಂಸರು ಕಾಲವನ್ನು ಕುರಿತು ಬೇರೆ ಅಭಿಪ್ರಾಯಗಳನ್ನು ಮಂಡಿಸಲು ಅವಕಾಶವಾಯಿತು. ಇನ್ನೊಂದು ಪಾಠವೂ ಇಲ್ಲಿದೆ. ಹಲ್ಮಿಡಿಯದು ಕನ್ನಡದ ಮೊದಲ ಶಾಸನವೆಂದು ದಶಕಗಳ ಕಾಲ ಬರೆದವರುಂಟು, ‘ಇದುವರೆಗೆ ದೊರೆತವುಗಳಲ್ಲಿ ಮೊದಲನೆಯದು’ ಎಂದು ಬರೆದವರೂ ಉಂಟು. ತಾಳಗುಂದದ ಸಿಂಹಕಟಾಂಜನ ಶಾಸನವು ಬೆಳಕಿಗೆ ಬಂದು, ಅದು ಹಲ್ಮಿಡಿಗಿಂತ ಹಿಂದಿನದೆಂಬ ವಾದವು ಎದ್ದಾಗ ಎರಡನೆಯವರ ವಾಕ್ಯಕ್ಕೆ ಧಕ್ಕೆ ಬರಲಿಲ್ಲ. ‘ಪ್ರಪ್ರಥಮ’, ‘ಏಕೈಕ’, ‘ನಿಸ್ಸಂಶಯ’ ಎಂಬ ಪದಗಳನ್ನು ಬರೆಯುವ ಮುನ್ನ ಲೇಖನಿಯನ್ನು ಒಂದು ಕ್ಷಣ ತಡೆಹಿಡಿಯುವುದು ಕ್ಷೇಮ.

ಕಾಲಗಣನೆಯಲ್ಲಿಯೂ ಇದೇ ಎಚ್ಚರ ಬೇಕು. ಶಾಸನದ ಶಕವರ್ಷವು ಕಳೆದ ವರ್ಷವಾದರೆ 78ನ್ನೂ, ನಡೆಯುವ ವರ್ಷವಾದರೆ 77ನ್ನೂ ಕೂಡಿಸಬೇಕು. ಉದಾಹರಣೆಗೆ, ಶಕ 1084 ಎಂದಿದ್ದು ಸಂವತ್ಸರವು ಚಿತ್ರಭಾನು ಎಂದಿದ್ದರೆ ಅದು ಕ್ರಿ.ಶ. 1162–63 ಆಗುತ್ತದೆ, ಅದೇ ಸಂಖ್ಯೆಯೊಡನೆ ಹಿಂದಿನ ಸಂವತ್ಸರವಾದ ವೃಷ ಎಂದಿದ್ದರೆ 1161–62 ಆಗುತ್ತದೆ. ಪುಷ್ಯ, ಮಾಘ ಮಾಸಗಳು ಮುಂದಿನ ಇಂಗ್ಲಿಷ್ ವರ್ಷಕ್ಕೆ ಬೀಳುವುದನ್ನೂ ಮರೆಯಬಾರದು. ತಿಥಿ ವಾರಗಳು ಕೊಟ್ಟಿದ್ದರೆ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ‘ಇಂಡಿಯನ್ ಎಫಿಮೆರಿಸ್’ ಕೋಷ್ಟಕಗಳಲ್ಲಿ ತಾಳೆ ನೋಡಬೇಕು. ತಾಳೆಯಾಗದಿದ್ದರೆ ತಾಳೆಯಾಗಲಿಲ್ಲವೆಂದೇ ಬರೆಯಬೇಕು. ಹೊಂದುವಂತೆ ಅಕ್ಷರವನ್ನು ತಿದ್ದಬಾರದು.

6. ಉಲ್ಲೇಖಗಳ ಶುದ್ಧಿ

ಅಡಿಟಿಪ್ಪಣಿಯು ಪಾಂಡಿತ್ಯದ ಅಲಂಕಾರವಲ್ಲ. ಓದುಗನಿಗೆ ತೋರಿಸಿದ ದಾರಿ. ‘ಶೂನ್ಯಸಂಪಾದನೆಯಲ್ಲಿ ಹೀಗಿದೆ’ ಎಂದಷ್ಟೇ ಬರೆದರೆ ದಾರಿಯು ನಾಲ್ಕಾಗಿ ಕವಲೊಡೆಯುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಹೀಗೆ ನಾಲ್ವರ ಶೂನ್ಯಸಂಪಾದನೆಗಳಿದ್ದು, ವಚನಗಳ ಸಂಖ್ಯೆಯಲ್ಲಿಯೂ ಪ್ರಸಂಗಗಳ ಜೋಡಣೆಯಲ್ಲಿಯೂ ಭೇದಗಳಿವೆ. ಯಾರ ಕೃತಿ, ಯಾರ ಸಂಪಾದನೆ, ಎಷ್ಟನೆಯ ಮುದ್ರಣ, ಯಾವ ಪುಟ ಎಂಬುದೆಲ್ಲ ಇರಬೇಕು. ಒಂದು ಗ್ರಂಥವನ್ನು ತಾನು ನೋಡದೆ ಇನ್ನೊಬ್ಬರ ಲೇಖನದಲ್ಲಿ ಕಂಡಿದ್ದರೆ ಹಾಗೆಂದೇ ಹೇಳಬೇಕು. ಪಾಠಾಂತರಗಳನ್ನು ಕೊಡುವ ಕ್ರಮಕ್ಕೆ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯು ಕನ್ನಡದಲ್ಲಿಯೇ ದೊರೆಯುವ ಮಾರ್ಗದರ್ಶಿ.

ಈಚೆಗೆ ಗಣಕಯಂತ್ರದ ಕೃತಕ ಬುದ್ಧಿಯಿಂದ ಲೇಖನಗಳನ್ನು ಬರೆಯಿಸುವ ಅಭ್ಯಾಸ ತಲೆದೋರಿದೆ. ಅಂಥ ಯಂತ್ರಗಳು ಇಲ್ಲದ ಗ್ರಂಥಕ್ಕೆ ಹೆಸರನ್ನೂ ಪುಟಸಂಖ್ಯೆಯನ್ನೂ ಸೃಷ್ಟಿಸಿಕೊಡುವುದುಂಟು. ಯಂತ್ರವನ್ನು ಲೇಖಕನೆಂದು ಒಪ್ಪಲಾಗದೆಂದು ಪ್ರಕಟನ ನೀತಿಯ ಅಂತಾರಾಷ್ಟ್ರೀಯ ಸಮಿತಿಯು 2023ರಲ್ಲಿ ಸ್ಪಷ್ಟಪಡಿಸಿದೆ. ಏಕೆಂದರೆ ಬರೆದುದಕ್ಕೆ ಹೊಣೆಯಾಗಲು ಯಂತ್ರಕ್ಕೆ ಶಕ್ತಿಯಿಲ್ಲ. ಕಣ್ಣಾರೆ ನೋಡದ ಪುಟವನ್ನು ಉಲ್ಲೇಖಿಸಬಾರದೆಂಬ ಹಳೆಯ ನಿಯಮವನ್ನು ಪಾಲಿಸುವವರಿಗೆ ಈ ಅಪಾಯವಿಲ್ಲ.

ಕೃತಜ್ಞತೆಯೂ ಉಲ್ಲೇಖದ ಒಂದು ಅಂಗವೇ. ಕಲ್ಲನ್ನು ತೋರಿಸಿದ ವಿದ್ಯಾರ್ಥಿ, ಹೊಲಕ್ಕೆ ಹೋಗಲು ಬಿಟ್ಟ ರೈತ, ಪಡಿಯಚ್ಚು ತೆಗೆದವರು, ಸಂದೇಹದ ಅಕ್ಷರವನ್ನು ಓದಿಕೊಟ್ಟ ಹಿರಿಯರು ಇವರೆಲ್ಲರ ಹೆಸರೂ ಲೇಖನದ ಕೊನೆಯಲ್ಲಿರಬೇಕು. ಹದಿನಾಲ್ಕು ವರ್ಷದ ಬಾಲಕನು ತನ್ನ ಹೆಸರನ್ನು ವಿದ್ವತ್ಪತ್ರಿಕೆಯೊಂದರಲ್ಲಿ ಕಂಡರೆ ಆ ಗ್ರಾಮದ ಉಳಿದ ಕಲ್ಲುಗಳಿಗೂ ಒಬ್ಬ ಕಾವಲುಗಾರನು ದೊರೆತಂತಾಯಿತು.

7. ಪತ್ರಿಕೆಯ ಆಯ್ಕೆ

ಲೇಖನವು ಯಾವ ಓದುಗರಿಗೆ ಉಪಯುಕ್ತವೆಂಬುದನ್ನು ಮೊದಲು ಯೋಚಿಸಿ, ಅಂಥ ಓದುಗರಿರುವ ಪತ್ರಿಕೆಯನ್ನು ಆರಿಸಬೇಕು. ಅದರ ಈಚಿನ ಮೂರು ನಾಲ್ಕು ಸಂಚಿಕೆಗಳನ್ನು ಓದದೆ ಲೇಖನವನ್ನು ಕಳುಹಿಸಬಾರದು. ಶಾಸನಪಾಠಗಳನ್ನು ಎಂದೂ ಪ್ರಕಟಿಸದ ಸಾಹಿತ್ಯವಿಮರ್ಶೆಯ ಪತ್ರಿಕೆಗೆ ವೀರಗಲ್ಲಿನ ಪಾಠವನ್ನು ಕಳುಹಿಸಿ, ಅದು ಹಿಂತಿರುಗಿ ಬಂದಾಗ ವ್ಯಥೆಪಡುವುದರಲ್ಲಿ ಅರ್ಥವಿಲ್ಲ.

ಹಣವನ್ನು ಪಡೆದು, ಪರಿಶೀಲನೆಯಿಲ್ಲದೆ ಯಾವುದನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಈ ಕಾಲದಲ್ಲಿ ಹೆಚ್ಚಿವೆ. ಎರಡು ಮೂರು ದಿನಗಳಲ್ಲಿಯೇ ಸ್ವೀಕೃತಿಯ ಭರವಸೆ, ಎಲ್ಲ ಶಾಸ್ತ್ರಗಳ ಲೇಖನಗಳಿಗೂ ಒಂದೇ ಪತ್ರಿಕೆ, ಹೆಸರು ವಿಳಾಸಗಳಿಲ್ಲದ ಸಂಪಾದಕಮಂಡಲಿ ಇವು ಅವುಗಳ ಲಕ್ಷಣಗಳು. ಎಂಟು ಅಂಕೆಗಳ ಐ.ಎಸ್.ಎಸ್.ಎನ್. ಸಂಖ್ಯೆಯನ್ನು ತೋರಿಸಿ ನಂಬಿಸುವುದುಂಟು. ಆ ಸಂಖ್ಯೆಯು ಪತ್ರಿಕೆಯ ಗುರುತೇ ಹೊರತು ಗುಣದ ಮುದ್ರೆಯಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2019ರಲ್ಲಿ ಜಾರಿಗೆ ತಂದಿದ್ದ ‘ಕೇರ್’ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ. ಆದುದರಿಂದ ಪತ್ರಿಕೆಯ ಯೋಗ್ಯತೆಯನ್ನು ಅಳೆಯುವ ಹೊಣೆ ಈಗ ಲೇಖಕರ ಮತ್ತು ಅವರ ಸಂಸ್ಥೆಗಳ ಮೇಲೆಯೇ ಬಿದ್ದಿದೆ. ತನಗಿಂತ ಹೆಚ್ಚು ತಿಳಿದ ವಿದ್ವಾಂಸರು ಆ ಪತ್ರಿಕೆಯಲ್ಲಿ ಬರೆಯುತ್ತಾರೆಯೇ, ಅದನ್ನು ಉಲ್ಲೇಖಿಸುತ್ತಾರೆಯೇ ಎಂದು ನೋಡುವುದೇ ಸುಲಭವಾದ ಪರೀಕ್ಷೆ.

8. ಪ್ರತಿಯ ಸಿದ್ಧತೆ ಮತ್ತು ರವಾನೆ

ಲೇಖನವು ಪೂರ್ತಿಯಾದ ಮೇಲೆ ಕೆಲವು ವಾರ ಅದನ್ನು ಬದಿಗಿಟ್ಟು ಮತ್ತೆ ಓದಬೇಕು. ಕಲ್ಲನ್ನು ನೋಡದ ಸ್ನೇಹಿತರೊಬ್ಬರಿಂದ ಓದಿಸಬೇಕು. ಅವರು ಎಲ್ಲಿ ತಡೆದು ಪ್ರಶ್ನಿಸುವರೋ ಅಲ್ಲಿ ವಾಕ್ಯವು ಅಸ್ಪಷ್ಟವಾಗಿದೆಯೆಂದು ತಿಳಿಯಬೇಕು. ಬಳಿಕ ಪತ್ರಿಕೆಯ ಸೂಚನೆಗಳನ್ನು ಮುಂದಿಟ್ಟುಕೊಂಡು ಪುಟಮಿತಿ, ಟಿಪ್ಪಣಿಯ ಕ್ರಮ, ಚಿತ್ರಗಳ ಸಂಖ್ಯೆ ಇವುಗಳನ್ನು ಒಂದೊಂದಾಗಿ ಸರಿಪಡಿಸಬೇಕು.

ಕನ್ನಡ ಲೇಖನಗಳಿಗೆ ಅಕ್ಷರವಿನ್ಯಾಸದ ತೊಡಕೊಂದಿದೆ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪ್ರತಿಯು ಬೇರೊಂದು ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸಬಹುದು. ಯೂನಿಕೋಡ್ ಅಕ್ಷರಗಳಲ್ಲಿ ಸಿದ್ಧಪಡಿಸಿ, ಜೊತೆಗೆ ಪಿ.ಡಿ.ಎಫ್. ಪ್ರತಿಯೊಂದನ್ನೂ ಕಳುಹಿಸಿದರೆ ಸಂಪಾದಕರು ಮೂಲರೂಪವನ್ನು ತಾಳೆ ನೋಡಬಲ್ಲರು. ಹಳಗನ್ನಡದ ಱಕಾರ ಮತ್ತು ೞಕಾರಗಳು ಯೂನಿಕೋಡಿನಲ್ಲಿ ಇವೆ. ಅವುಗಳ ಸ್ಥಾನದಲ್ಲಿ ರಕಾರ ಳಕಾರಗಳನ್ನು ಹಾಕಿ ತೃಪ್ತಿಪಡಬಾರದು. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಅಕ್ಷರವೊಂದು ಬದಲಾದರೆ ಶಾಸನದ ಅರ್ಥವೇ ಬದಲಾಗುತ್ತದೆ. ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸಿದ ಪಾಠವನ್ನು ಅಕ್ಷರಶಃ ಮತ್ತೆ ಓದಲೇಬೇಕು.

ಪರಿಶೀಲಕರಿಗೆ ಲೇಖಕನ ಹೆಸರನ್ನು ತಿಳಿಸದ ಪದ್ಧತಿಯು ಆ ಪತ್ರಿಕೆಯಲ್ಲಿದ್ದರೆ ಹೆಸರು ವಿಳಾಸಗಳನ್ನು ಪ್ರತ್ಯೇಕ ಪುಟದಲ್ಲಿಡಬೇಕು. ಸಂಪಾದಕರಿಗೆ ಬರೆಯುವ ಪತ್ರವು ಚಿಕ್ಕದಾಗಿರಲಿ: ಲೇಖನದ ಹೆಸರು, ಅದರಲ್ಲಿ ಹೊಸದಾದುದೇನು, ಅದು ಬೇರೆಲ್ಲಿಯೂ ಪ್ರಕಟವಾಗಿಲ್ಲವೆಂಬ ಹಾಗೂ ಬೇರೆ ಪತ್ರಿಕೆಯ ಪರಿಶೀಲನೆಯಲ್ಲಿಲ್ಲವೆಂಬ ಹೇಳಿಕೆ, ಚಿತ್ರಗಳಿಗೆ ಪಡೆದ ಅನುಮತಿ ಇಷ್ಟೇ ಸಾಕು. ಆತ್ಮಪ್ರಶಂಸೆಯಾಗಲಿ ಪ್ರಭಾವಿಗಳ ಹೆಸರಾಗಲಿ ಬೇಡ. ಒಂದೇ ಲೇಖನವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸುವುದು ಇಬ್ಬರು ಪರಿಶೀಲಕರ ಶ್ರಮವನ್ನು ವ್ಯರ್ಥಗೊಳಿಸುವ ಅನ್ಯಾಯ. ಕಳುಹಿಸಿದ ಪ್ರತಿ, ದಿನಾಂಕ ಮತ್ತು ಸ್ವೀಕೃತಿಪತ್ರಗಳನ್ನು ಜೋಪಾನವಾಗಿಡಬೇಕು. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಪತ್ರಿಕೆಯು ಹೇಳಿದ ಅವಧಿ ಮೀರಿದ ಮೇಲೆ ವಿನಯದಿಂದ ಒಂದು ಜ್ಞಾಪನಪತ್ರವನ್ನು ಬರೆಯಬಹುದು.

9. ಪರಿಶೀಲಕರ ಅಭಿಪ್ರಾಯ

ಪರಿಶೀಲಕರ ಟಿಪ್ಪಣಿಯನ್ನು ಓದಿದ ದಿನವೇ ಉತ್ತರ ಬರೆಯಬಾರದು. ಮೊದಲ ಓದಿಗೆ ಅದು ನಿಂದೆಯಂತೆ ತೋರುವುದು ಸಹಜ. ಮೂರನೆಯ ಓದಿಗೆ ಅದರಲ್ಲಿನ ಉಪಕಾರವು ಕಾಣಿಸತೊಡಗುತ್ತದೆ. ಪ್ರತಿಯೊಂದು ಆಕ್ಷೇಪಕ್ಕೂ ಕ್ರಮಾಂಕವನ್ನು ಹಾಕಿ, ಏನನ್ನು ತಿದ್ದಲಾಯಿತು, ಯಾವ ಪುಟದಲ್ಲಿ ತಿದ್ದಲಾಯಿತು ಎಂದು ಪಟ್ಟಿ ಮಾಡಿ ಕಳುಹಿಸಬೇಕು. ಪರಿಶೀಲಕರು ಹೇಳಿದುದೆಲ್ಲವನ್ನೂ ಒಪ್ಪಬೇಕೆಂಬ ನಿಯಮವಿಲ್ಲ. ಛಾಯಾಚಿತ್ರವನ್ನು ಮಾತ್ರ ನೋಡಿ ಅವರು ಸೂಚಿಸಿದ ಪಾಠವು ಕಲ್ಲಿನ ಮೇಲೆ ಇಲ್ಲದಿದ್ದರೆ, ಮತ್ತೊಮ್ಮೆ ಹೊಲಕ್ಕೆ ಹೋಗಿ ನೋಡಿ, ಪ್ರಮಾಣದೊಡನೆ ಭಿನ್ನಾಭಿಪ್ರಾಯವನ್ನು ತಿಳಿಸಬಹುದು. ಹಾಗೆ ಮತ್ತೊಮ್ಮೆ ಹೋದಾಗ ತನ್ನ ತಪ್ಪೇ ಕಣ್ಣಿಗೆ ಬೀಳುವುದೂ ಉಂಟು. ಆಗ ಅದನ್ನು ಒಪ್ಪಿಕೊಳ್ಳುವುದರಿಂದ ಲೇಖಕನ ಗೌರವವು ಹೆಚ್ಚುವುದೇ ಹೊರತು ಕುಂದುವುದಿಲ್ಲ.

ಲೇಖನವು ತಿರಸ್ಕೃತವಾದರೆ ಅದರ ಕಾರಣವನ್ನು ವಿವೇಚಿಸಬೇಕು. ವಿಷಯವು ಪತ್ರಿಕೆಗೆ ಹೊಂದದಿದ್ದರೆ ಬೇರೆ ಪತ್ರಿಕೆಯನ್ನು ಹುಡುಕಬಹುದು. ಪ್ರಮಾಣವು ಸಾಲದೆಂದಿದ್ದರೆ ಪ್ರಮಾಣವನ್ನು ಒದಗಿಸದೆ ಬೇರೊಂದು ಬಾಗಿಲನ್ನು ತಟ್ಟುವುದು ಸಲ್ಲದು. ಸಾಮಗ್ರಿಯು ಸತ್ಯವಾಗಿದ್ದರೆ ತಿರಸ್ಕಾರದಿಂದ ಅದು ಅಸತ್ಯವಾಗುವುದಿಲ್ಲ. ತೀರ್ಮಾನವು ಮಾತ್ರ ಇನ್ನಷ್ಟು ಪಕ್ವವಾಗಬೇಕೆಂದು ಅರ್ಥ.

10. ಕರಡಚ್ಚಿನ ತಿದ್ದುವಿಕೆ

ಸ್ವೀಕೃತವಾದ ಲೇಖನದ ಕರಡಚ್ಚು ಬಂದಾಗ ಮೂಲಪ್ರತಿಯೊಡನೆ ಇಬ್ಬರು ಕುಳಿತು ತಾಳೆ ನೋಡುವುದು ಉತ್ತಮ: ಒಬ್ಬರು ಓದಬೇಕು, ಇನ್ನೊಬ್ಬರು ನೋಡಬೇಕು. ಶಾಸನದ ಸಾಲುಗಳ ವಿಭಾಗ, ಕಂಸಗಳು, ಇಸವಿಗಳು, ಊರಿನ ಮತ್ತು ವ್ಯಕ್ತಿಗಳ ಹೆಸರುಗಳು ಇವುಗಳಲ್ಲಿ ತಪ್ಪು ನುಸುಳುವುದು ಹೆಚ್ಚು. ಈ ಹಂತದಲ್ಲಿ ಹೊಸ ಪರಿಚ್ಛೇದಗಳನ್ನು ಸೇರಿಸಬಾರದು. ಪ್ರಕಟವಾದ ಬಳಿಕ ತಪ್ಪು ಕಂಡುಬಂದರೆ ಮುಂದಿನ ಸಂಚಿಕೆಗೆ ತಿದ್ದುಪಡಿಯನ್ನು ಕಳುಹಿಸುವುದು ಲೇಖಕನ ಕೊನೆಯ ಕರ್ತವ್ಯ. ಪ್ರಕಟಿತ ಪ್ರತಿಗಳಲ್ಲಿ ಒಂದನ್ನು ಶಾಲೆಯ ಗ್ರಂಥಾಲಯಕ್ಕೂ, ಇನ್ನೊಂದನ್ನು ಕಲ್ಲಿರುವ ಗ್ರಾಮಕ್ಕೂ ಕೊಡುವುದು ಶೋಭಾಸ್ಪದ.

ಉಪಸಂಹಾರ

ರೈಸ್ ಮತ್ತು ಆತನ ಸಹಾಯಕ ಪಂಡಿತರು ನಕಲು ಮಾಡಿಕೊಂಡ ಕಲ್ಲುಗಳಲ್ಲಿ ಕೆಲವು ಇಂದು ಸ್ಥಳದಲ್ಲಿಲ್ಲ. ಕೆಲವು ಗೋಡೆಗಳಿಗೆ ಸೇರಿದವು, ಕೆಲವು ಒಡೆದುಹೋದವು. ಆ ಶಾಸನಗಳು ಉಳಿದಿರುವುದು ಮುದ್ರಿತ ಪುಟದಲ್ಲಿ ಮಾತ್ರ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲಿನ ಸಂಗತಿಯಾದರೋ, ಮಹಾನಗರದ ನಡುವೆಯೂ ಸುಮಾರು ಎಂಟನೆಯ ಶತಮಾನದ ಕಲ್ಲೊಂದು ಇನ್ನೂ ದೊರೆಯಬಲ್ಲದೆಂಬುದಕ್ಕೆ ಸಾಕ್ಷಿ. ಹೀಗಿರುವಲ್ಲಿ ಗ್ರಾಮಗಳ ಹೊಲ, ಕೆರೆಯ ಏರಿ, ಮಠಗಳ ಅಟ್ಟ, ಹಳೆಯ ಮನೆಗಳ ಪೆಟ್ಟಿಗೆ ಇವುಗಳಲ್ಲಿ ಎಷ್ಟಿದೆಯೆಂದು ಯಾರು ಬಲ್ಲರು? ಅದನ್ನು ಮೊದಲು ಕಾಣುವವರು ದೂರದ ವಿದ್ವಾಂಸರಲ್ಲ; ಆ ಊರಿನ ಶಾಲೆಯ ಅಧ್ಯಾಪಕರು ಮತ್ತು ಅಲ್ಲಿಯೇ ಓದಿ ಬೆಳೆದ ಹಳೆಯ ವಿದ್ಯಾರ್ಥಿಗಳು.

ಉದಾರಿಗಳಾದ ದಾನಿಗಳು ಕಟ್ಟಡಗಳಿಗೆ ನೀಡುವ ನೆರವಿನೊಡನೆ, ಶಾಲೆಯ ಗ್ರಂಥಾಲಯಕ್ಕೆ ಶಾಸನ ಸಂಪುಟಗಳನ್ನೂ ಒಂದೆರಡು ವಿದ್ವತ್ಪತ್ರಿಕೆಗಳ ಚಂದಾವನ್ನೂ ಒದಗಿಸಿದರೆ ಅಧ್ಯಾಪಕರ ಕೈ ಬಲವಾಗುತ್ತದೆ. ಅಧ್ಯಾಪಕರು ವರ್ಷಕ್ಕೊಂದು ಲೇಖನವನ್ನು ಬರೆಯಬೇಕಾಗಿಲ್ಲ. ಸೇವಾವಧಿಯಲ್ಲಿ ಒಂದೇ ಒಂದನ್ನು, ಕಂಡದ್ದನ್ನು ಕಂಡಂತೆಯೂ ಊಹಿಸಿದ್ದನ್ನು ಊಹೆಯೆಂದೂ ಹೇಳಿ ಬರೆದರೆ ಸಾಕು. ರಸ್ತೆಯು ಬದುವನ್ನು ದಾಟಿ ಹೋದ ಬಳಿಕವೂ, ಊರಿಗಾಗಿ ಮಡಿದ ಆ ವೀರನ ಹೆಸರು ಆ ಪುಟದಲ್ಲಿ ಉಳಿದಿರುತ್ತದೆ.